ಹೂ ಬಿಡುವ ಕರಂಟ್

‘ಕರಂಟ್’ ಎಂದೊಡನೆ ನಮ್ಮ ಮನೆಗಳಲ್ಲಿ ಯಾರಿಗೂ ಹೂವಿನ ನೆನಪಾಗುವುದಿಲ್ಲ; ದೀಪ ಆರಿಹೋದ ಸಂಜೆಯ ನೆನಪಾಗುತ್ತದೆ. ಆದರೆ ಇಲ್ಲಿ ಹೇಳಹೊರಟಿರುವ ಕರಂಟ್ ಒಂದು ಹೂವಿನ ಪೊದೆ. ಗ್ರೀಸ್ ದೇಶದ ಕೊರಿಂತ್ ಪಟ್ಟಣದ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಸಣ್ಣ ಒಣದ್ರಾಕ್ಷಿಗೆ ಇಂಗ್ಲಿಷರ ನಾಲಗೆಯಲ್ಲಿ ಆ ಹೆಸರೇ ಸವೆದು ‘ಕರಂಟ್’ ಎಂದಾಯಿತು. ಮುಂದೆ, ಅಂಥದೇ ಪುಟ್ಟ ಹಣ್ಣು ಬಿಡುವ ಬೇರೊಂದು ಕುಲದ ಪೊದೆಗಳಿಗೂ ಅದು ಅಂಟಿಕೊಂಡಿತು. ಆ ಕುಲದಲ್ಲಿ ಹಣ್ಣಿಗಲ್ಲದೆ ಹೂವಿಗಾಗಿಯೇ ಜನ ಬೆಳೆಸುವ ಗಿಡವಿದು. ಸಸ್ಯಶಾಸ್ತ್ರಜ್ಞರು ಇದನ್ನು ‘ರೈಬೀಸ್ ಸ್ಯಾಂಗ್ವಿನಿಯಂ’ ಎನ್ನುತ್ತಾರೆ. ಎರಡನೆಯ ಪದದ ಅರ್ಥ ರಕ್ತವರ್ಣದ್ದು ಎಂದು.

ಮಕ್ಕಳ ಮನೆಗೆಂದು ಲಂಡನ್ನಿಗೋ ಸಿಯಾಟಲ್ಲಿಗೋ ಹೋಗಿ ಅಲ್ಲಿ ಮಾರ್ಚ್, ಏಪ್ರಿಲ್ ಕಳೆದ ಹಿರಿಯರು ಇದನ್ನು ಕಂಡಿರಬಹುದು. ಚಳಿ ಹಿಂದೆಗೆದು, ಎಲೆ ಇನ್ನೂ ಆಗತಾನೆ ಕಣ್ದೆರೆಯುತ್ತಿರುವಾಗಲೇ, ಕೊಂಬೆಗಳ ತುಂಬ ಗುಲಾಬಿಗೆಂಪಿನ ಗೊಂಚಲುಗಳು ಜೋಲಾಡುತ್ತವೆ. ಎಲೆಯನ್ನು ತೀಡಿ ಮೂಸಿದರೆ ಒಂದು ಬಗೆಯ ಘಾಟು. ಅದು ಕೆಲವರಿಗೆ ಹಿತ, ಕೆಲವರಿಗೆ ಬೆಕ್ಕಿನ ನೆನಪು!

ಕಲ್ಲುಕುಟಿಗನ ಮಗ

ಈ ಗಿಡದ ತವರು ಅಮೆರಿಕ ಖಂಡದ ಪಶ್ಚಿಮ ಕರಾವಳಿ. ಮೆಕ್ಸಿಕೋವಿನಿಂದ ಉತ್ತರಕ್ಕೆ ಹಾರಿಬರುವ ರೂಫಸ್ ಎಂಬ ಹಮ್ಮಿಂಗ್ ಹಕ್ಕಿಗೆ ಅಲ್ಲಿ ಇದರ ಮಕರಂದವೇ ದಾರಿಯ ಬುತ್ತಿ. 1814ರಲ್ಲಿ ಪುರ್ಷ್ ಎಂಬ ವಿದ್ವಾಂಸ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ. ಆದರೆ ಇದನ್ನು ಇಂಗ್ಲೆಂಡಿನ ತೋಟಗಳಿಗೆ ತಂದ ಕೀರ್ತಿ ಡೇವಿಡ್ ಡಗ್ಲಸ್ ಎಂಬಾತನದು.

ಡಗ್ಲಸ್ 1799ರಲ್ಲಿ ಸ್ಕಾಟ್ಲೆಂಡಿನ ಸ್ಕೋನ್‌ನಲ್ಲಿ ಕಲ್ಲುಕುಟಿಗನೊಬ್ಬನ ಮಗನಾಗಿ ಹುಟ್ಟಿ, ಬಾಲ್ಯದಲ್ಲಿಯೇ ತೋಟದ ಆಳಾಗಿ ಸೇರಿದವನು. ಲಂಡನ್ನಿನ ತೋಟಗಾರಿಕಾ ಸಂಘ 1824ರಲ್ಲಿ ಅವನನ್ನು ಗಿಡಬೀಜಗಳ ಸಂಗ್ರಹಕ್ಕೆಂದು ಕಳುಹಿಸಿತು. ಎಂಟು ತಿಂಗಳಿಗೂ ಮೀರಿದ ಕಡಲಯಾನದ ಬಳಿಕ, 1825ರ ಏಪ್ರಿಲಿನಲ್ಲಿ ಅವನು ಕೊಲಂಬಿಯಾ ನದಿಯ ಮುಖವನ್ನು ಮುಟ್ಟಿದ. ಮರುವರ್ಷ, ಎಂದರೆ 1826ರಲ್ಲಿ, ಈ ಪೊದೆ ಬ್ರಿಟನ್ನಿಗೆ ಪರಿಚಯವಾಯಿತು. ಆ ಇಡೀ ಯಾತ್ರೆಯಿಂದ ಇದೊಂದು ಗಿಡವಲ್ಲದೆ ಬೇರೇನೂ ದೊರೆಯದಿದ್ದರೂ ಹಾಕಿದ ಹಣಕ್ಕೆ ಕೊರಗಬೇಕಾಗಿರಲಿಲ್ಲವೆಂಬುದು ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿಯ ಅಭಿಪ್ರಾಯವಾಗಿತ್ತು. ಪಾಪ, ಡಗ್ಲಸ್ ಬಹುಕಾಲ ಬಾಳಲಿಲ್ಲ. 1834ರಲ್ಲಿ ಹವಾಯಿ ದ್ವೀಪದಲ್ಲಿ, ಕಾಡುದನಗಳನ್ನು ಹಿಡಿಯಲು ತೋಡಿದ್ದ ಗುಂಡಿಯಲ್ಲಿ ಅವನ ಶವ ಸಿಕ್ಕಿತು. ಆಗ ಅವನಿಗೆ ಮೂವತ್ತೈದು ವರ್ಷ.

ಕತ್ತರಿಯ ಕಾಲ

ಇಷ್ಟು ದೂರದಿಂದ ಬಂದ ಗಿಡವಾದರೂ ಇದರ ಬೇಡಿಕೆಗಳು ಅಲ್ಪ. ನೀರು ನಿಲ್ಲದ ಮಣ್ಣು, ಬಿಸಿಲು ಅಥವಾ ಅರೆನೆರಳು, ನೆಟ್ಟ ಮೊದಲ ವರ್ಷ ತಪ್ಪದೆ ನೀರು, ಬುಡಕ್ಕೆ ಎಲೆಗೊಬ್ಬರದ ಹೊದಿಕೆ—ಇಷ್ಟಾದರೆ ಸಾಕು. 2ರಿಂದ 3 ಮೀಟರಿನಷ್ಟು ಎತ್ತರಕ್ಕೆ ಬೆಳೆದು ಅಷ್ಟೇ ಅಗಲಕ್ಕೆ ಹರಡುವುದರಿಂದ ಎಡೆ ಬಿಟ್ಟು ನೆಡಬೇಕು. ಜಾಗ ಕಿರಿದಾದವರಿಗೆ ಏಳನೆಯ ಎಡ್ವರ್ಡ್ ದೊರೆಯ ಹೆಸರಿನ ಅಡಕವಾದ ತಳಿಯುಂಟು. ಬಿಳಿ ಹೂವಿನ ತಳಿಗಳೂ ಉಂಟು. ಎಲೆ ಉದುರಿದ ಮೇಲೆ, ಆ ವರ್ಷ ಬೆಳೆದು ಬಲಿತ ಕೊಂಬೆಯನ್ನು ಗೇಣುದ್ದ ಕತ್ತರಿಸಿ, ಮೂರರಲ್ಲಿ ಎರಡು ಪಾಲು ಮಣ್ಣಿನಲ್ಲಿ ಹೂಳಿದರೆ ಮುಂದಿನ ಶರತ್ಕಾಲದೊಳಗೆ ಬೇರೂರಿ ಹೊಸ ಗಿಡವಾಗುತ್ತದೆ.

ಆದರೆ ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮಲ್ಲಿ ದುಂಡುಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರುತ್ತೇವೆ. ಬೇಸಿಗೆಗೆ ಹೊಸ ಚಿಗುರಿನಲ್ಲಿಯೇ ಮೊಗ್ಗು ಮೂಡುತ್ತದೆ. ಆ ರೂಢಿಯ ಕೈ ಪರದೇಶದಲ್ಲಿ ಜನವರಿಯ ಬೋಳು ಕರಂಟಿನ ಮೇಲೆ ಕತ್ತರಿಯಾಡಿಸಿದರೆ, ಆ ವಸಂತದಲ್ಲಿ ಹೂವಿನ ಆಸೆ ಬಿಡಬೇಕಾದೀತು. ಏಕೆಂದರೆ ಇದು ಹೂ ಬಿಡುವುದು ಕಳೆದ ವರ್ಷ ಬೆಳೆದ ಕೊಂಬೆಯಲ್ಲಿ. ಒಣಗಿದಂತೆ ಕಾಣುವ ಆ ಕಡ್ಡಿಗಳಲ್ಲಿ ಮೊಗ್ಗು ಆಗಲೇ ಅಡಗಿ ಕುಳಿತಿರುತ್ತದೆ. ಆದ್ದರಿಂದ ಹೂ ಮುಗಿದ ಕೂಡಲೇ ಕತ್ತರಿ ಹಿಡಿಯಬೇಕು. ಆಗ ಮುಂದಿನ ವರ್ಷದ ಕೊಂಬೆಗಳಿಗೆ ಬೆಳೆಯಲು ಇಡೀ ಬೇಸಿಗೆ ದೊರೆಯುತ್ತದೆ. ಹೂ ಬಿಟ್ಟ ರೆಂಬೆಗಳನ್ನು ಕೆಳಗಿನ ಬಲವಾದ ಕವಲಿನವರೆಗೆ ಸವರಿ, ತೀರ ಮುದಿಯಾದ ಕಾಂಡಗಳಲ್ಲಿ ಮೂರಕ್ಕೊಂದರಂತೆ ಬುಡದಿಂದಲೇ ತೆಗೆಯುವುದು ಪದ್ಧತಿ.

ಆ ಮೊಗ್ಗುಗಳ ಇರವನ್ನು ಕಣ್ಣಾರೆ ಕಾಣಬೇಕೆನ್ನುವವರು ಚಳಿಗಾಲದ ಕೊನೆಯಲ್ಲಿ ಎರಡು ಕಡ್ಡಿಗಳನ್ನು ಮಾತ್ರ ಕೊಯ್ದು ಮನೆಯೊಳಗೆ ನೀರಿನ ಹೂಜಿಯಲ್ಲಿಡಲಿ. ಕೆಲವು ವಾರಗಳಲ್ಲಿ ಹೂ ಅರಳುತ್ತದೆ. ಹೊರಗಿನ ಬೆಳಕಿಲ್ಲದ್ದರಿಂದ ಕೆಂಪಿನ ಬದಲು ಬೆಳ್ಳಗೆ!

ಬೆಂಗಳೂರು, ಮೈಸೂರಿನವರು ಇದಕ್ಕಾಗಿ ಶ್ರಮಪಡುವುದರಲ್ಲಿ ಅರ್ಥವಿಲ್ಲ. ದೀರ್ಘವಾದ ಶೀತನಿದ್ರೆಯಿಲ್ಲದೆ ಇದು ಸರಿಯಾಗಿ ಹೂವಾಗದು. ಈ ಕುಲದ ಕೆಲವು ಬಂಧುಗಳು ನಮ್ಮ ಹಿಮಾಲಯದಲ್ಲಿ ಇವೆಯೆಂಬುದೇ ನಮಗೆ ಸಮಾಧಾನ. ಆದರೆ ಹೊರದೇಶದಲ್ಲಿ ಹೊಸ ಮನೆ ಮಾಡಿರುವ ಮಗಳಿಗೋ ಮಗನಿಗೋ ಕಾಗದ ಬರೆಯುವಾಗ, ಹಿತ್ತಿಲಿನ ಬೋಳುಪೊದೆಯನ್ನು ವಸಂತದವರೆಗೆ ಕಡಿಯಬೇಡಿರೆಂದು ಒಂದು ಸಾಲು ಸೇರಿಸಬಹುದು.