ಹವಾಮಾನದ ಲೆಕ್ಕ ಗ್ರಾಮಸಭೆಯಲ್ಲಿ ನಡೆಯಲಿ

ಹವಾಮಾನ ಬದಲಾವಣೆಯ ಚರ್ಚೆ ಸಾಮಾನ್ಯವಾಗಿ ನಡೆಯುವುದು ದೇಶಗಳ ರಾಜಧಾನಿಗಳಲ್ಲಿ. ಅದರ ಫಲ ಉಣ್ಣುವುದು ಮಾತ್ರ ಹಳ್ಳಿ. ಮಳೆ ಒಂದು ತಿಂಗಳು ತಡವಾದರೆ ಬಿತ್ತನೆ ಕೆಡುತ್ತದೆ. ಒಂದೇ ದಿನ ಸುರಿದು ನಿಂತರೆ ಕೆರೆಯ ಕಟ್ಟೆ ಒಡೆಯುತ್ತದೆ. ಕರ್ನಾಟಕದಲ್ಲಿ 2019ರಲ್ಲಿ ನೆರೆ ಬಂತು, 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇಷ್ಟಾದರೂ, ಈ ಏರುಪೇರನ್ನು ಎದುರಿಸುವ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವೇನು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡಿಲ್ಲ.

ನಮ್ಮ ಗಡಿಗೆ ಹೊಂದಿಕೊಂಡ ವಯನಾಡು ಜಿಲ್ಲೆಯ ಮೀನಂಗಾಡಿ ಪಂಚಾಯಿತಿ ಈ ಪ್ರಶ್ನೆಗೆ ತನ್ನದೇ ಉತ್ತರ ಹುಡುಕಿತು. ತನ್ನ ವ್ಯಾಪ್ತಿಯಲ್ಲಿ ಹೊರಬೀಳುವ ಇಂಗಾಲವನ್ನೂ ಮರಗಿಡಗಳು ಹೀರಿಕೊಳ್ಳುವ ಇಂಗಾಲವನ್ನೂ ಸರಿದೂಗಿಸುವ ಯೋಜನೆಯನ್ನು ಅದು 2016ರಲ್ಲಿ ಕೈಗೆತ್ತಿಕೊಂಡಿತು. ಮೊದಲು ಮಾಡಿದ ಕೆಲಸ ಲೆಕ್ಕ ಹಾಕಿದ್ದು: ವಾಹನ, ವಿದ್ಯುತ್, ಅಡುಗೆ ಇಂಧನ, ಕೃಷಿ, ಜಾನುವಾರು ಎಲ್ಲವೂ ಈ ಲೆಕ್ಕದೊಳಗೆ ಬಂದವು. ಹಸಿರು ಜಿಲ್ಲೆಯೆಂದೇ ಹೆಸರಾದ ವಯನಾಡಿನ ಈ ಪಂಚಾಯಿತಿಯಲ್ಲೂ ಹೊರಬೀಳುವ ಇಂಗಾಲವೇ ಹೆಚ್ಚೆಂದು ಆಗ ತಿಳಿಯಿತು.

ಅಲ್ಲಿನ ‘ಮರ ಬ್ಯಾಂಕ್’ ಅರ್ಥಶಾಸ್ತ್ರದ ದೃಷ್ಟಿಯಿಂದ ಗಮನಾರ್ಹ. ಸಣ್ಣ ರೈತನಿಗೆ ಮರವೆಂದರೆ ಉಳಿತಾಯ ಖಾತೆ. ಮಗಳ ಮದುವೆ, ಆಸ್ಪತ್ರೆಯ ಖರ್ಚು ಎದುರಾದಾಗ ಅವನು ಮರ ಕಡಿದು ಮಾರುತ್ತಾನೆ. ‘ಕಡಿಯಬೇಡ’ ಎಂಬ ಉಪದೇಶದಿಂದ ಅವನ ಕಷ್ಟ ನೀಗದು. ಆದ್ದರಿಂದ ಮರವನ್ನು ಅಡವಿಟ್ಟುಕೊಂಡು, ಒಂದು ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಹತ್ತು ವರ್ಷ ಬಡ್ಡಿಯಿಲ್ಲದ ಸಾಲವನ್ನು ಸ್ಥಳೀಯ ಸಹಕಾರ ಬ್ಯಾಂಕಿನ ಮೂಲಕ ಕೊಡುವ ವ್ಯವಸ್ಥೆ ಮಾಡಲಾಯಿತು. ಮರ ಉಳಿಸಿಕೊಂಡವನು ಸಾಲ ತೀರಿಸಬೇಕಿಲ್ಲ; ಕಡಿದವನು ತೀರಿಸಬೇಕು. ಇದಕ್ಕಾಗಿ ಕೇರಳ ಸರ್ಕಾರ ಇಟ್ಟ ಮೂಲನಿಧಿ 10 ಕೋಟಿ ರೂಪಾಯಿ. ಶೇ 7ರ ಬಡ್ಡಿಯೆಂದುಕೊಂಡರೂ ವರ್ಷಕ್ಕೆ 70 ಲಕ್ಷವಾಗುತ್ತದೆ, ಅಂದರೆ 1.4 ಲಕ್ಷ ಮರಗಳಿಗೆ ಸಾಕಾಗುವ ಹಣ. ಅಸಲು ಹಾಗೇ ಉಳಿಯುತ್ತದೆ. ಬಲಿತ ಮರದ ಬೆಲೆಯ ಮುಂದೆ 50 ರೂಪಾಯಿ ಅಲ್ಪವೆಂಬುದು ನಿಜ. ಆದರೆ ನೂರು ಮರವಿರುವ ಕುಟುಂಬಕ್ಕೆ ವರ್ಷಕ್ಕೆ 5,000 ರೂಪಾಯಿ ಸಿಕ್ಕರೆ, ಎಳೆಯ ಮರವನ್ನು ಕಡಿಯುವ ಆತುರವಾದರೂ ಕಡಿಮೆಯಾಗುತ್ತದೆ.

ನೀರಿನ ವಿಷಯದಲ್ಲಿ ಇಂಥದೇ ಲೆಕ್ಕಾಚಾರಕ್ಕೆ ಹೆಸರಾದದ್ದು ಮಹಾರಾಷ್ಟ್ರದ ಹಿವರೆ ಬಾಜಾರ್. ವಾರ್ಷಿಕ ಸುಮಾರು 400 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 1989ರಲ್ಲಿ ಸರಪಂಚರಾದ ಪೋಪಟರಾವ್ ಪವಾರ್ ಅವರ ನೇತೃತ್ವದಲ್ಲಿ ಗುಡ್ಡಗಳಿಗೆ ಬದು ಹಾಕಲಾಯಿತು. ಇಂಥ ಕಾಮಗಾರಿ ನಮ್ಮಲ್ಲೂ ಬೇಕಾದಷ್ಟು ನಡೆದಿವೆ. ಅಲ್ಲಿನ ವಿಶೇಷವೆಂದರೆ ಅದರ ಜೊತೆಗೆ ಬಂದ ಕಟ್ಟುಪಾಡು. ನೀರಾವರಿಗೆ ಕೊಳವೆಬಾವಿ ಕೂಡದು, ಕಬ್ಬು ಬಾಳೆ ಬೆಳೆಯಕೂಡದು ಎಂದು ಊರೇ ನಿರ್ಧರಿಸಿತು. ಮಳೆಯನ್ನೂ ಅಂತರ್ಜಲದ ಮಟ್ಟವನ್ನೂ ಅಳೆದು ‘ನೀರಿನ ಬಜೆಟ್’ ಮಂಡಿಸಲಾಗುತ್ತದೆ. ಜನ ಮತ್ತು ಜಾನುವಾರುಗಳ ಪಾಲು ತೆಗೆದಿಟ್ಟು, ಮಿಕ್ಕದ್ದಕ್ಕೆ ತಕ್ಕಂತೆ ಬೆಳೆ ತೀರ್ಮಾನವಾಗುತ್ತದೆ. ಇದು ನಮಗೆ ತೀರಾ ಅಪರಿಚಿತವೇನಲ್ಲ. ಕೋಲಾರದ ಕೆರೆಗಳಲ್ಲಿ ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯದೂ ಇದೇ ಲೆಕ್ಕವಾಗಿತ್ತು. ಯಾರ ಅಪ್ಪಣೆಯೂ ಬೇಡದ ಕೊಳವೆಬಾವಿ ಬಂದ ಮೇಲೆ ಆ ಲೆಕ್ಕ ತಪ್ಪಿತು.

ಮೂರನೆಯದು ಕೊಯಮತ್ತೂರು ಜಿಲ್ಲೆಯ ಓಡಂತುರೈ. ಸುಮಾರು ಒಂದೂವರೆ ಕೋಟಿ ರೂಪಾಯಿ ವೆಚ್ಚದ 350 ಕಿಲೋವಾಟ್ ಗಾಳಿಯಂತ್ರವನ್ನು ಈ ಪಂಚಾಯಿತಿ 2006ರಲ್ಲಿ ತನ್ನ ಉಳಿತಾಯದಿಂದಲೂ ಬ್ಯಾಂಕ್ ಸಾಲದಿಂದಲೂ ಹಾಕಿಸಿತು. ವಿದ್ಯುತ್ ಮಾರಿ ಬಂದ ಹಣದಿಂದಲೇ ಸಾಲ ತೀರಿಸುವ ಯೋಜನೆ ಅದರದು.

ಈ ಮೂರರಲ್ಲಿ ಸಾಮಾನ್ಯವಾದದ್ದು ನಿರ್ಧಾರದ ಒಡೆತನ. ದುಡ್ಡಿನ ಮೇಲೋ ನೀರಿನ ಮೇಲೋ ಸ್ಥಳೀಯರಿಗೆ ನಿಜವಾದ ಹಿಡಿತವಿತ್ತು. ಕೇರಳವು 1996ರ ಜನತಾ ಯೋಜನೆಯಡಿ ತನ್ನ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ನಿರ್ಧರಿಸಿತ್ತು. ಆ ಅನುಭವ ಇಲ್ಲದಿದ್ದರೆ ಮೀನಂಗಾಡಿ ಇಷ್ಟು ದೂರ ಯೋಚಿಸುತ್ತಿರಲಿಲ್ಲ.

ವಿಕೇಂದ್ರೀಕರಣಕ್ಕೆ ದೇಶಕ್ಕೇ ದಾರಿ ತೋರಿದ ಕರ್ನಾಟಕದ ಸ್ಥಿತಿ ಈಗ ಹೇಗಿದೆ? ‘ನೀರ್ ಸಾಬ್’ ಎಂದೇ ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಕಾಯ್ದೆ, ಸಂವಿಧಾನದ 73ನೇ ತಿದ್ದುಪಡಿಗೂ ಮುಂಚಿನದು. ಆ ತಿದ್ದುಪಡಿಯ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ, ಇಂಧನ ಮತ್ತು ಮೇವು, ಅಸಾಂಪ್ರದಾಯಿಕ ಇಂಧನ ಎಲ್ಲವೂ ಇವೆ. ಆಡಳಿತದಲ್ಲಿ ದುಡಿದವರಿಗೆ ಗೊತ್ತಿರುವಂತೆ, ವಿಷಯ ಪಂಚಾಯಿತಿಯದಾದರೂ ನೌಕರ ಇಲಾಖೆಯವನು, ಅನುದಾನ ಮೇಲಿನವರದು. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉದ್ದೇಶ ಒಳ್ಳೆಯದೇ; ಆದರೆ ಸ್ವಂತ ತೆರಿಗೆ ಕಡಿಮೆ ಇರುವ ಪಂಚಾಯಿತಿಗೆ ಉಳಿದದ್ದರಲ್ಲಿ ಬೀದಿದೀಪ, ಚರಂಡಿ ದಾಟಿ ಯೋಚಿಸುವುದು ಕಷ್ಟ.

ಪಂಚಾಯಿತಿಯ ಮಿತಿಯನ್ನೂ ಒಪ್ಪಬೇಕು. 2024ರ ಜುಲೈ 30ರಂದು ಅದೇ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ಭೂಕುಸಿತಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ನೆರೆಯ ಪಂಚಾಯಿತಿಯ ಇಂಗಾಲದ ಲೆಕ್ಕ ಇದನ್ನು ತಡೆಯಲಾರದು. ಗುಡ್ಡ, ಹಳ್ಳಗಳು ಪಂಚಾಯಿತಿಯ ಗಡಿ ನೋಡಿ ಹರಿಯುವುದಿಲ್ಲ. ಅದಕ್ಕೆ ಜಿಲ್ಲಾ ಮಟ್ಟದ ಯೋಜನೆ ಬೇಕು. ನಮ್ಮಲ್ಲಾದರೋ 2021ರಲ್ಲಿ ಅವಧಿ ಮುಗಿದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪಶ್ಚಿಮ ಘಟ್ಟದ ಸೂಕ್ಷ್ಮ ವಲಯಗಳ ಬಗ್ಗೆ ಗ್ರಾಮಸಭೆಗಳ ಅಭಿಪ್ರಾಯ ಪಡೆಯಬೇಕೆಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಹೇಳಿತ್ತು. ವರದಿಯ ಮೇಲೆ ಎದ್ದ ಗದ್ದಲದಲ್ಲಿ ಈ ಮಾತು ಯಾರ ಕಿವಿಗೂ ಬೀಳಲಿಲ್ಲ.

ಆಗಬೇಕಾದ್ದು ದೊಡ್ಡ ಕ್ರಾಂತಿಯೇನಲ್ಲ. ಪ್ರತಿ ಪಂಚಾಯಿತಿಯಲ್ಲೂ ಮಳೆಮಾಪಕದ ಮತ್ತು ಆಯ್ದ ಬಾವಿಗಳ ಅಳತೆ ಸೂಚನಾ ಫಲಕಕ್ಕೆ ಬರಲಿ. ಹಿಂಗಾರಿಗೆ ಮುನ್ನ ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಮಂಡನೆಯಾಗಲಿ. ಪಾಲಿಸಿದ ಊರಿಗೆ ಷರತ್ತಿಲ್ಲದ ಅನುದಾನ ಹೆಚ್ಚಲಿ. ಸಣ್ಣ ಕೆರೆಗಳ ಹೂಳು, ತೂಬು, ಕೋಡಿಗಳ ಹೊಣೆಯೊಂದಿಗೆ ಅದಕ್ಕೆ ತಕ್ಕ ಹಣವೂ ಪಂಚಾಯಿತಿಗೆ ಸಿಗಲಿ. ಇದರಿಂದ ಕೆಲವೆಡೆ ತಪ್ಪುಗಳೂ ಆಗಬಹುದು, ದುರುಪಯೋಗವೂ ಆಗಬಹುದು. ಆದರೆ ಬೆಂಗಳೂರಿನ ಆದೇಶದಿಂದ ತೋಡಿ, ಎರಡು ವರ್ಷಕ್ಕೆ ಹೂಳು ತುಂಬಿದ ಕೃಷಿಹೊಂಡಗಳ ತಪ್ಪಿಗೆ ಯಾರೂ ಉತ್ತರ ಹೇಳುವುದಿಲ್ಲ. ಊರಿನವರು ಮಾಡಿದ ತಪ್ಪಿಗೆ ಮುಂದಿನ ಗ್ರಾಮಸಭೆಯಲ್ಲಿ ಉತ್ತರ ಕೊಡಲೇಬೇಕಾಗುತ್ತದೆ.