ಭಿನ್ನರಾಶಿಯಲ್ಲ, ಒಂದು ತಾರೀಖು

ಹಾಳೆಯ ಮೇಲೆ 26/11 ಎಂದು ಬರೆದು, ಇದೇನು ಎಂದು ಐದನೇ ತರಗತಿಯ ಮಗುವನ್ನು ಕೇಳಿ ನೋಡಿ. ವಿಷಮ ಭಿನ್ನರಾಶಿ ಎನ್ನುತ್ತದೆ. ಜಾಣ ಮಗುವಾದರೆ, ಎರಡು ಪೂರ್ಣಾಂಕ ಹನ್ನೊಂದರಲ್ಲಿ ನಾಲ್ಕು ಎಂದು ಬಿಡಿಸಿಯೂ ಹೇಳೀತು. ಅದರಲ್ಲಿ ತಪ್ಪೇನೂ ಇಲ್ಲ. ಇಂದು ಹತ್ತನೇ ತರಗತಿಯಲ್ಲಿರುವ ಮಕ್ಕಳೂ 2008ರ ನವೆಂಬರ್ 26ರ ರಾತ್ರಿ ಇನ್ನೂ ಹುಟ್ಟಿರಲಿಲ್ಲ. ಅಜ್ಜ ಅಜ್ಜಿಯರಿಗೆ ಮಾತ್ರ ಆ ಅಂಕಿ ಕಂಡರೆ ಇಂದಿಗೂ ತಾಜ್ ಹೋಟೆಲಿನ ಗುಮ್ಮಟದಿಂದ ಏಳುತ್ತಿದ್ದ ಹೊಗೆ ಕಣ್ಣ ಮುಂದೆ ಬರುತ್ತದೆ.

ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಪಾಕಿಸ್ತಾನದ ಕರಾಚಿಯಿಂದ ಸಮುದ್ರದ ದಾರಿಯಲ್ಲಿ ಬಂದ ಹತ್ತು ಮಂದಿ ಉಗ್ರರು ಮುಂಬೈಯ ದಡಕ್ಕಿಳಿದು ರೈಲು ನಿಲ್ದಾಣ, ಆಸ್ಪತ್ರೆ, ಎರಡು ದೊಡ್ಡ ಹೋಟೆಲು, ಯಹೂದಿಗಳ ಒಂದು ವಸತಿಗೃಹ, ಒಂದು ಕೆಫೆ ಎಂದು ಕಂಡಕಂಡಲ್ಲಿ ಗುಂಡು ಹಾರಿಸಿದರು. 29ರ ಬೆಳಿಗ್ಗೆಯವರೆಗೂ ಅದು ನಡೆಯಿತು. 166 ಜನ ಸತ್ತರು. ಉಗ್ರರಲ್ಲಿ ಒಂಬತ್ತು ಮಂದಿ ಅಲ್ಲೇ ಸತ್ತರು, ಒಬ್ಬ ಜೀವಂತ ಸಿಕ್ಕಿದ. ಮೈಸೂರಿನ ನಾವೆಲ್ಲ ಆ ಮೂರು ದಿನ ಟಿವಿ ಮುಂದೆಯೇ ಕೂತಿದ್ದೆವು. ಅತ್ತ ಉಗ್ರರಿಗೆ ಫೋನಿನಲ್ಲಿ ಅಪ್ಪಣೆ ಕೊಡುತ್ತಿದ್ದವರೂ ಅದೇ ಟಿವಿ ನೋಡುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಅಂಥ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರ ಮಾಡಕೂಡದು ಎಂಬ ನಿಯಮ 2015ರಲ್ಲಿ ಬಂತು.

ಜೀವಂತ ಸಿಕ್ಕವನು ಸಿಕ್ಕಿದ್ದು ಹೇಗೆ ಎಂಬುದನ್ನು ಮಕ್ಕಳು ತಿಳಿಯಬೇಕು. ಗಿರ್‌ಗಾಂವ್ ಚೌಪಾಟಿಯ ಬಳಿ ಪೊಲೀಸರು ಅವನ ಕಾರನ್ನು ತಡೆದರು. ಸಹಾಯಕ ಸಬ್‌ಇನ್‌ಸ್ಪೆಕ್ಟರ್ ತುಕಾರಾಮ್ ಓಂಬ್ಳೆ ಅವರ ಕೈಯಲ್ಲಿದ್ದದ್ದು ಒಂದು ಲಾಠಿ. ಅವರು ಮುನ್ನುಗ್ಗಿ ಉಗ್ರನ ಬಂದೂಕಿನ ನಳಿಗೆಯನ್ನೇ ಬಾಚಿ ಹಿಡಿದರು. ಗುಂಡುಗಳೆಲ್ಲ ಅವರ ಮೈಗೆ ಹೊಕ್ಕವು, ಹಿಡಿತ ಬಿಡಲಿಲ್ಲ. ಅಷ್ಟರಲ್ಲಿ ಉಳಿದವರು ಅವನನ್ನು ಸೆರೆಹಿಡಿದರು. ಓಂಬ್ಳೆ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಮಹಾರಾಷ್ಟ್ರದಲ್ಲಿ ಕಂಡುಬಂದ ಹೊಸ ಜಾತಿಯ ಜಿಗಿಯುವ ಜೇಡವೊಂದಕ್ಕೆ ಸಂಶೋಧಕರು 2021ರಲ್ಲಿ ‘ಐಸಿಯಸ್ ತುಕಾರಾಮಿ’ ಎಂದು ಅವರ ಹೆಸರನ್ನೇ ಇಟ್ಟರು. ಬೆರಳ ತುದಿಯಲ್ಲಿ ಕೂರುವಷ್ಟು ಪುಟ್ಟ ಪ್ರಾಣಿ!

ರೈಲು ನಿಲ್ದಾಣದಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಸಂಖ್ಯೆ ನೂರಾರು ಆಗದಂತೆ ತಡೆದವರಲ್ಲಿ ವಿಷ್ಣು ಝೆಂಡೆ ಒಬ್ಬರು. ಯಾವ ರೈಲು ಎಷ್ಟನೇ ಪ್ಲಾಟ್‌ಫಾರಂ ಎಂದು ಮೈಕಿನಲ್ಲಿ ಕೂಗುವುದು ಅವರ ಕೆಲಸ. ಮೇಲಿನ ಗಾಜಿನ ಕೋಣೆಯಿಂದ ಎಲ್ಲವೂ ಕಾಣುತ್ತಿತ್ತು. ಓಡಿಹೋಗಬಹುದಿತ್ತು. ಅವರು ಕುರ್ಚಿ ಬಿಡದೆ, ಈ ಕಡೆ ಬರಬೇಡಿ, ಹಿಂದಿನ ಬಾಗಿಲಿನಿಂದ ಹೊರಹೋಗಿ ಎಂದು ಮತ್ತೆ ಮತ್ತೆ ಹೇಳುತ್ತಲೇ ಇದ್ದರು. ಕಾಮಾ ಆಸ್ಪತ್ರೆಯಲ್ಲಿ ದಾದಿಯೊಬ್ಬರು ಇಪ್ಪತ್ತು ಮಂದಿ ಗರ್ಭಿಣಿಯರನ್ನು ಒಂದು ಸಣ್ಣ ಕೋಣೆಗೆ ಸೇರಿಸಿ, ದೀಪ ಆರಿಸಿ ಕಾಪಾಡಿದರು. ಅದೇ ರಾತ್ರಿ ಅಲ್ಲೊಂದು ಮಗುವೂ ಹುಟ್ಟಿತು.

ತಾಜ್ ಹೋಟೆಲಿನಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಓದಿ ಬೆಳೆದವರು. ವಯಸ್ಸು 31. ಗಾಯಗೊಂಡ ಜೊತೆಗಾರನನ್ನು ಹೊರಗೆ ಸಾಗಿಸಲು ಏರ್ಪಾಟು ಮಾಡಿ, ತಾವೊಬ್ಬರೇ ಉಗ್ರರ ಬೆನ್ನಟ್ಟಿದರು. ಯಲಹಂಕದಲ್ಲಿ ಅವರ ಹೆಸರಿನ ರಸ್ತೆ ಇದೆ. ಅಲ್ಲಿ ಬಸ್ಸಿನಲ್ಲಿ ಹೋಗುವವರಲ್ಲಿ ಎಷ್ಟು ಮಂದಿ ಆ ಫಲಕ ಓದುತ್ತಾರೋ!

ಈ ದಾಳಿಗೂ ನಮ್ಮ ರಾಜ್ಯಕ್ಕೂ ಇನ್ನೊಂದು ವಿಚಿತ್ರ ನಂಟಿದೆ. ಸೆರೆಸಿಕ್ಕ ಅಜ್ಮಲ್ ಕಸಬ್‌ನ ಬಳಿ ಇದ್ದ ನಕಲಿ ಗುರುತಿನ ಚೀಟಿಯಲ್ಲಿ ಹಿಂದೂ ಹೆಸರೊಂದಿತ್ತು, ವಿಳಾಸ ಬೆಂಗಳೂರಿನ ನಾಗರಭಾವಿಯದು! ಬಂದವರು ಕೊಲ್ಲಲು ಮಾತ್ರ ಬಂದಿರಲಿಲ್ಲ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ನಾವು ಒಬ್ಬರನ್ನೊಬ್ಬರು ಅನುಮಾನಿಸಲಿ ಎಂಬುದೂ ಅವರ ಲೆಕ್ಕದಲ್ಲಿತ್ತು.

ಆ ಲೆಕ್ಕ ಪೂರ್ತಿ ತಪ್ಪಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. 2001ರಲ್ಲಿ ಅಮೆರಿಕದ ಮೇಲೆ ದಾಳಿಯಾದ ಮೇಲೆ ಉಗ್ರರಿಗೆ ಹಣ ಹರಿಯುವ ದಾರಿ ಮುಚ್ಚಬೇಕೆಂದು ಜಗತ್ತಿನ ದೇಶಗಳೆಲ್ಲ ನಿಯಮ ಮಾಡಿದವು. 2002ರಲ್ಲಿ ನಮ್ಮ ರಿಸರ್ವ್ ಬ್ಯಾಂಕಿನಿಂದಲೂ ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಎಂಬ ಸುತ್ತೋಲೆ ಬಂತು, 2004ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಫೋಟೊ, ವಿಳಾಸದ ದಾಖಲೆ ತನ್ನಿ ಎಂದಾಗ ಪಿಂಚಣಿಯ ಮೇಷ್ಟರೊಬ್ಬರು ಕೌಂಟರಿನಲ್ಲಿ ನನ್ನನ್ನೇ ಗದರಿಕೊಂಡರು: ‘ನಿನ್ನ ಮದುವೆಗೆ ಬಂದು ಎರಡು ಸಲ ಹೋಳಿಗೆ ಹಾಕಿಸಿಕೊಂಡವನು ನಾನು, ಈಗ ನಾನು ಯಾರು ಅಂತ ಕೇಳ್ತೀಯಾ?’ ನಿಯಮವೇನೋ ಸರಿಯೇ. ಮುಂಬೈ ದಾಳಿಯಲ್ಲೂ ಉಗ್ರರು ಬಳಸಿದ ಇಂಟರ್ನೆಟ್ ಫೋನ್ ಸಂಪರ್ಕಕ್ಕೆ ಇಟಲಿಯಿಂದ ಬೇರೆಯವರ ಹೆಸರಿನಲ್ಲಿ 229 ಡಾಲರ್ ಕಟ್ಟಿದ್ದು ತನಿಖೆಯಲ್ಲಿ ಹೊರಬಂತು. ಇಷ್ಟು ಸಣ್ಣ ಮೊತ್ತ ನಮ್ಮ ಕೌಂಟರಿಗೆ ಬಂದಿದ್ದರೆ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಕಾಗದ ಕೇಳುವುದು ಬೇರೆ, ಹೆಸರು ಕೇಳಿದೊಡನೆ ಮುಖ ತಿರುಗಿಸುವುದು ಬೇರೆ. 2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೊದಲ್ಲಿ ಸ್ಫೋಟವಾಯಿತಲ್ಲ, ಅದರ ಆರೋಪಿ ಮೈಸೂರಿನಲ್ಲೇ ಬೇರೊಬ್ಬರ ಆಧಾರ್ ತೋರಿಸಿ ಕೋಣೆ ಹಿಡಿದಿದ್ದ. ಆಮೇಲೆ ಕೆಲವು ತಿಂಗಳು ನಮ್ಮ ಬೀದಿಯಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ನೋಡಿ ಬಂದ ಕೆಲವು ಕಾಲೇಜು ಹುಡುಗರಿಗೆ, ಹೆಸರು ಕೇಳಿದ ಮೇಲೆ, ಮನೆ ಆಗಲೇ ಹೋಯಿತು ಎಂಬ ಉತ್ತರ ಸಿಗುತ್ತಿತ್ತು. ಬೋರ್ಡು ಮಾತ್ರ ಮರುದಿನವೂ ನೇತಾಡುತ್ತಿತ್ತು. ಆ ಹುಡುಗರು ಬೋರ್ಡನ್ನು ಎರಡನೇ ಸಲ ಓದಿರುತ್ತಾರೆ ಎಂಬುದು ಮನೆಯವರಿಗೆ ಹೊಳೆಯಲಿಲ್ಲವೇ? ಮುಂಬೈಯಲ್ಲಿ ಸತ್ತ ಒಂಬತ್ತು ಉಗ್ರರ ಶವಗಳಿಗೆ ತಮ್ಮ ಖಬರಸ್ತಾನದಲ್ಲಿ ಜಾಗ ಕೊಡುವುದಿಲ್ಲ ಎಂದು ಅಲ್ಲಿನ ಮುಸ್ಲಿಂ ಟ್ರಸ್ಟ್ ಖಡಾಖಂಡಿತವಾಗಿ ಹೇಳಿತ್ತು. ವರ್ಷಕ್ಕೂ ಹೆಚ್ಚು ಕಾಲ ಅವು ಶವಾಗಾರದಲ್ಲೇ ಬಿದ್ದಿದ್ದವು. ಈ ಸಂಗತಿ ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ.

ಇನ್ನು ಕಸಬ್‌ನ ವಿಚಾರ. ಅವನು ಗುಂಡು ಹಾರಿಸಿದ್ದನ್ನು ಕ್ಯಾಮೆರಾ ಹಿಡಿದಿತ್ತು, ದೇಶವೆಲ್ಲ ನೋಡಿತ್ತು. ಇವನಿಗೆ ವಿಚಾರಣೆ ಏಕೆ, ಅಲ್ಲೇ ಮುಗಿಸಬೇಕಿತ್ತು ಎಂದು ಬ್ಯಾಂಕಿನ ಕ್ಯಾಂಟೀನಿನಲ್ಲಿ ದಿನವೂ ಮಾತು. ಸರ್ಕಾರ ಹಾಗೆ ಮಾಡಲಿಲ್ಲ. ಅವನ ಪರ ನಿಲ್ಲಲು ವಕೀಲರು ಹಿಂಜರಿದಾಗ ನ್ಯಾಯಾಲಯವೇ ವಕೀಲರನ್ನು ಒದಗಿಸಿತು. ನಿಲ್ದಾಣದಲ್ಲಿ ಕಾಲಿಗೆ ಗುಂಡು ತಗುಲಿದ್ದ ಪುಟ್ಟ ಹುಡುಗಿಯೊಬ್ಬಳು, ದಾಳಿಯ ದಿನ ಅವಳಿಗೆ ಇನ್ನೂ ಹತ್ತು ತುಂಬಿರಲಿಲ್ಲ, ಊರುಗೋಲು ಹಿಡಿದು ಬಂದು ಅವನನ್ನು ಗುರುತಿಸಿ ಸಾಕ್ಷಿ ಹೇಳಿದಳು. 2010ರ ಮೇ ತಿಂಗಳಲ್ಲಿ ತೀರ್ಪು ಬಂತು. ಕಸಬ್‌ಗೆ ಮರಣದಂಡನೆ. ಅವನ ಜೊತೆಗೇ ಆರೋಪಿಗಳಾಗಿದ್ದ ಇಬ್ಬರು ಭಾರತೀಯರನ್ನು ಈ ಪ್ರಕರಣದಲ್ಲಿ ಸಾಕ್ಷ್ಯ ಸಾಲದೆಂದು ಅದೇ ನ್ಯಾಯಾಧೀಶರು ಬಿಟ್ಟರು. ಅಂಥ ಕೋಪದ ದಿನಗಳಲ್ಲೂ! ಹೈಕೋರ್ಟ್, ಸುಪ್ರೀಂ ಕೋರ್ಟ್, ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ, ಎಲ್ಲ ಮುಗಿದ ಮೇಲೆ 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಾಯಿತು. ಸಂಚಿನ ಇನ್ನೊಬ್ಬ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದಿಂದ ದೆಹಲಿಗೆ ಕರೆತಂದದ್ದು 2025ರ ಏಪ್ರಿಲ್‌ನಲ್ಲಿ. ಕಡತ ಇನ್ನೂ ಮುಚ್ಚಿಲ್ಲ.

ನವೆಂಬರ್ 26ಕ್ಕೆ ಇನ್ನೊಂದು ನೆನಪೂ ಇದೆ. 1949ರಲ್ಲಿ ನಮ್ಮ ಸಂವಿಧಾನವನ್ನು ಅಂಗೀಕರಿಸಿದ್ದು ಅದೇ ದಿನ. 2015ರಿಂದ ಅದು ಸಂವಿಧಾನ ದಿನ. ಬೆಳಿಗ್ಗೆ ಶಾಲೆಗಳಲ್ಲಿ ಮಕ್ಕಳು ಪೀಠಿಕೆ ಓದುತ್ತಾರೆ, ಸಂಜೆ ಟಿವಿಯಲ್ಲಿ ತಾಜ್ ಹೋಟೆಲು ಉರಿಯುತ್ತದೆ. ಎರಡನ್ನೂ ಜೋಡಿಸಿ ಹೇಳುವವರು ಕಡಿಮೆ. ಆ ಉಗ್ರನಿಗೂ ಒಬ್ಬ ವಕೀಲ ಸಿಕ್ಕಿದ್ದು ಬೆಳಿಗ್ಗೆ ಮಕ್ಕಳು ಓದುವ ಆ ಪುಸ್ತಕದಿಂದಲೇ.

ದೇಶದ ನೆನಪಿಗೆ ದೊಡ್ಡ ಹೋಟೆಲು ಕಾಣುವಷ್ಟು ಚೆನ್ನಾಗಿ ಸಣ್ಣ ಜಾಗಗಳು ಕಾಣುವುದಿಲ್ಲ. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಮ್ಮೇಳನ ಮುಗಿಸಿ ಹೊರಬರುತ್ತಿದ್ದವರ ಮೇಲೆ ಗುಂಡಿನ ದಾಳಿ ನಡೆಯಿತು. ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ. ಸಿ. ಪುರಿ ಸತ್ತರು. ನಮ್ಮ ರಾಜ್ಯಕ್ಕೆ ಅತಿಥಿಯಾಗಿ ಬಂದವರು. ಅವರ ಹೆಸರು ಕೇಳಿದರೆ ನನ್ನ ವಾಕಿಂಗ್ ಗೆಳೆಯರ ಗುಂಪಿನಲ್ಲಿ ಯಾರಿಗೂ ಹೊಳೆಯಲಿಲ್ಲ, ದಾಳಿ ಮಾತ್ರ ಇಬ್ಬರಿಗೆ ಮಸುಕಾಗಿ ನೆನಪಿತ್ತು. ನಮ್ಮೂರಿನದೇ ನೋಡಿ. 2016ರ ಆಗಸ್ಟ್ 1ರಂದು ಮೈಸೂರಿನ ನ್ಯಾಯಾಲಯದ ಆವರಣದ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ದೇವರ ದಯೆ, ಯಾರ ಜೀವವೂ ಹೋಗಲಿಲ್ಲ. ರಾಷ್ಟ್ರೀಯ ತನಿಖಾ ದಳ, ಅಂದರೆ ಮುಂಬೈ ದಾಳಿಯ ಮರುತಿಂಗಳು ಹುಟ್ಟಿದ ಸಂಸ್ಥೆ, ತನಿಖೆ ನಡೆಸಿತು. 2021ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮೂವರಿಗೆ ಶಿಕ್ಷೆ ಕೊಟ್ಟಿತು. ನ್ಯಾಯಾಲಯದಲ್ಲಿ ಬಾಂಬ್ ಇಟ್ಟವರಿಗೂ ನ್ಯಾಯಾಲಯವೇ ಉತ್ತರ ಹೇಳಿತು, ಐದು ವರ್ಷ ಹಿಡಿದರೂ.

ಮೈಸೂರಿನಿಂದ ಶರಾವತಿ ಎಕ್ಸ್‌ಪ್ರೆಸ್ ದಾದರ್‌ವರೆಗೆ ಹೋಗುತ್ತದೆ. ಮೊಮ್ಮಕ್ಕಳನ್ನು ಕರೆದುಕೊಂಡು ಮುಂಬೈ ನೋಡಲು ಹೊರಟವರು ಅಲ್ಲಿಂದ ಲೋಕಲ್ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿಯಿರಿ. ತಾಜ್ ಮುಂದೆ ಫೋಟೊ ತೆಗೆಸಿಕೊಳ್ಳುವುದು ಇದ್ದೇ ಇದೆ. ಅದಕ್ಕೆ ಮೊದಲು ಆ ನಿಲ್ದಾಣದಲ್ಲಿ ಸ್ವಲ್ಪ ನಿಂತು, ಯಾವ ರೈಲು ಎಲ್ಲಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದನ್ನು ಮಕ್ಕಳಿಗೆ ಕೇಳಿಸಿ. ಗಿರ್‌ಗಾಂವ್ ಚೌಪಾಟಿಯಲ್ಲಿ ಓಂಬ್ಳೆ ಅವರ ಪ್ರತಿಮೆ ಇದೆ. ಸಂಜೆ ಬಿಸಿಲು ಇಳಿದ ಮೇಲೆ ಹೋದರೆ ಮರಳು ಕಾಲಿಗೆ ಸುಡುವುದಿಲ್ಲ.