ಅಕ್ಕಿ ಚೀಲದ ಮೇಲಿನ ಹಸಿರು ಎಲೆ

ಗಂಗಾವತಿ, ಕಾರಟಗಿ ಸುತ್ತಲಿನ ರೈಸ್ ಮಿಲ್ಲುಗಳಿಂದ ಸೋನಾ ಮಸೂರಿ ದೂರದೂರಿಗೆ ಲಾರಿಗಟ್ಟಲೆ ಹೋಗುತ್ತದೆ. ಅಂಥದೊಂದು ಅಕ್ಕಿ ಕಂಪನಿ ಚೀಲದ ಮೇಲೆ ಹಸಿರು ಎಲೆ ಅಚ್ಚು ಹಾಕಿಸಿ, ಕೆಳಗೆ ‘ಪರಿಸರಸ್ನೇಹಿ’ ಎಂದು ಬರೆಸಿದೆ ಎನ್ನೋಣ. ನಂಬುವುದೋ ಬಿಡುವುದೋ?

ಕಂಪನಿಯವರು ಮೊದಲು ತೋರಿಸುವುದು ಮಿಲ್ಲನ್ನು. ಚಾವಣಿಗೆ ಸೋಲಾರ್, ಬಾಯ್ಲರಿಗೆ ಭತ್ತದ ಹೊಟ್ಟು. ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಅಗ್ಗಕ್ಕೆ ಸಿಗುವ ಉರುವಲೆಂದು ಮಿಲ್ಲಿನವರು ಅದನ್ನು ಮೊದಲಿನಿಂದಲೂ ಉರಿಸಿದ್ದಾರೆ; ಆಗ ಅದನ್ನು ಹಸಿರು ಇಂಧನವೆಂದು ಯಾರೂ ಕರೆಯಲಿಲ್ಲ. ಲಾಭಕ್ಕೆ ಹೇಗೂ ಮಾಡುವುದನ್ನು ಬದ್ಧತೆಯ ಖಾತೆಗೆ ಬರೆದುಕೊಂಡರೆ ಹೇಗೆ? ಕೇಳಬೇಕಾದದ್ದು ಬೂದಿಯ ಲೆಕ್ಕ. ಸುಟ್ಟ ಹೊಟ್ಟಿನ ಐದನೇ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ. ಅದು ಇಟ್ಟಿಗೆ, ಸಿಮೆಂಟಿಗೆ ಹೋಗುತ್ತದೋ, ಹಾರಿ ಅಕ್ಕಪಕ್ಕದವರ ಮಾಳಿಗೆ ಮೇಲೆ ಬೀಳುತ್ತದೋ?

ಆದರೆ ಅಕ್ಕಿಯಿಂದ ನೆಲ-ನೀರಿನ ಮೇಲೆ ಬೀಳುವ ಭಾರದ ಹೆಚ್ಚಿನ ಪಾಲು ಇರುವುದು ಮಿಲ್ಲಿನಲ್ಲಲ್ಲ, ಗದ್ದೆಯಲ್ಲಿ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದಾಗ, ಎಡದಂಡೆಯ ಬಯಲಿಗೆ ಯೋಜಿಸಿದ್ದು ಬಹುಮಟ್ಟಿಗೆ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ. ಬಂದು ಬೇರೂರಿದ್ದು ಭತ್ತ. ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತಿತು. ಕೆಳಗೆ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗೆ ಕಾದು ಕೂತರು. ನೀರು ಬಸಿದು ಹೋಗದ ನೆಲ ಸವುಳು-ಜವುಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಇಂಥ ಮಣ್ಣಿನ ಬೆನ್ನು ಹತ್ತಿದೆ. ಸದಾ ನೀರು ನಿಂತ ಕೆಸರಿನಲ್ಲಿ ಗಾಳಿಯಾಡದೆ ಮೀಥೇನ್ ಹುಟ್ಟುವುದು ಬೇರೆ. ಇತ್ತ ಜಲಾಶಯದಲ್ಲೂ ಹೂಳು: 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105.

ನೀರು ಉಳಿಸುವ ದಾರಿ ಇಲ್ಲದಿಲ್ಲ. ಸಸಿ ನಾಟಿ ಬಿಟ್ಟು ಕೂರಿಗೆಯಿಂದ ನೇರ ಬಿತ್ತಬಹುದು. ಗದ್ದೆಗೆ ನೀರು ಬಿಟ್ಟು, ಆರಗೊಟ್ಟು, ಮತ್ತೆ ಬಿಡಬಹುದು. ಕೂರಿಗೆ ಭತ್ತದಲ್ಲಿ ಕಳೆ ಹೆಚ್ಚು, ಅದರ ಹಿಂದೆಯೇ ಕಳೆನಾಶಕವೂ ಬರುತ್ತದೆ. ನೀರು ಉಳಿದದ್ದನ್ನು ಹೇಳಿ ಕಳೆನಾಶಕದ ಮಾತು ನುಂಗುವ ಕಂಪನಿ ಅರ್ಧ ಲೆಕ್ಕ ಒಪ್ಪಿಸಿದಂತೆ. ಇಳುವರಿ ಕಡಿಮೆಯಾದೀತೆಂಬ ರೈತನ ಅಂಜಿಕೆಯಲ್ಲಿ ಕಂಪನಿಗೆ ಪಾಲು ಇದೆಯೇ? ಕ್ವಿಂಟಲಿಗೆ ನಾಲ್ಕು ಕಾಸು ಹೆಚ್ಚು ಕೊಡುತ್ತದೆಯೇ, ಬಿತ್ತುವ ಮೊದಲೇ ಬೆಲೆ ಬರೆದುಕೊಡುತ್ತದೆಯೇ? ತನ್ನ ಗಂಟಿನಿಂದ ಬಿಚ್ಚದ ಕಂಪನಿಯ ತರಬೇತಿ ಶಿಬಿರದ ಫೋಟೊಗಳಿಗೆ ನಾನಂತೂ ಬೆಲೆ ಕೊಡಲಾರೆ.

ಇನ್ನೊಂದು ತೊಡಕಿದೆ. ದಲಾಲಿ ಅಂಗಡಿಯಲ್ಲಿ ಹತ್ತೂರ ಭತ್ತ ಒಂದೇ ರಾಶಿಗೆ ಬೀಳುತ್ತದೆ. ಅಲ್ಲಿ ಕೊಂಡವರು ಯಾವ ಗದ್ದೆ ಎಷ್ಟು ನೀರು ಕುಡಿಯಿತೆಂದು ಯಾವ ಬಾಯಲ್ಲಿ ಹೇಳಿಯಾರು? ಊರಿನ ಹೆಸರು ಹೇಳಬಲ್ಲ ಭತ್ತ ಒಟ್ಟು ಖರೀದಿಯಲ್ಲಿ ಎಷ್ಟು ಪಾಲು ಎಂದು ಕೇಳಬೇಕು. ಒಂದು ಮಾದರಿ ಗದ್ದೆ ತೋರಿಸಿ ಉಳಿದ ಸಾವಿರಾರು ಎಕರೆಯ ಮಾತು ಮರೆಸುವುದು ಹಳೆಯ ಉಪಾಯ.

‘ಜೈವಿಕ್ ಭಾರತ್’ ಮುದ್ರೆಗೆ ಬೆಲೆ ಇದೆ. ಆದರೆ ಅದು ಸಾವಯವದ ಮಟ್ಟಿಗೆ ಮಾತ್ರ, ಕಾಲುವೆ ನೀರಿನ ಲೆಕ್ಕ ಅದರಲ್ಲಿಲ್ಲ. ಬರೀ ‘ಹಸಿರು’, ‘ಪರಿಸರಸ್ನೇಹಿ’ ಎಂದರೆ ಸಾಲದು, ಪುರಾವೆ ಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಾಗಾಗಿ ಪುರಾವೆ ಕೇಳುವ ಗ್ರಾಹಕನನ್ನು ಕಿರಿಕಿರಿಯವನೆಂದು ತಳ್ಳಿಹಾಕುವಂತಿಲ್ಲ.

ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳ ಕಥೆ ಬೇರೆ. ಸಜ್ಜೆ, ನವಣೆ ಕಾಲುವೆಯ ಹಂಗಿಲ್ಲದೆ ಬೆಳೆಯುತ್ತವೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲಂತೂ ಬಿಸ್ಕತ್ತಿನ ಪೊಟ್ಟಣಗಳ ಮೇಲೆಲ್ಲ ತೆನೆಯ ಚಿತ್ರ. ಇಲ್ಲಿ ಕಂಪನಿಯನ್ನು ಅಳೆಯುವುದು ಸುಲಭ: ಪೊಟ್ಟಣ ತಿರುಗಿಸಿ. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕೆಂಬುದು ನಿಯಮ. ಮೇಲೆ ಮೈದಾ, ಸಕ್ಕರೆ ಕೂತು ನವಣೆ ಕೆಳಗೆಲ್ಲೋ ಇದ್ದರೆ, ಆ ಬಿಸ್ಕತ್ತಿನ ದುಡ್ಡಿನಲ್ಲಿ ನವಣೆ ಹೊಲಕ್ಕೆ ತಲುಪುವ ಪಾಲೂ ಅಷ್ಟರಲ್ಲೇ ಇರುತ್ತದೆ.